ಅಜ್ಜಿ ಯಾವ ತೆರೇಸಮ್ಮ?

ಮ್ಯಾಡ್ರಿಡ್
ಅಕ್ಟೋಬರ್ 16

ಪ್ರೀತಿಯ ಅವ್ವನಿಗೆ,

ಸ್ತೋತ್ರ. ನಾನು ಚೆನ್ನಾಗಿದ್ದೀನಿ. ಚಳಿ ಶುರುವಾಯ್ತು. ಹುರುಳಿಕಾಳು ಮುಗಿಯಿತು, ಚಟ್ನಿಪುಡಿ ಇನ್ನೂ ಇದೆ. ಈ ಕಾಗದವನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳು, ಅವಳ ಹೆಸರಿನ ವ್ಯಾಜ್ಯ ಇದು.

ಪ್ರತಿ ಅಕ್ಟೋಬರಿನಲ್ಲೂ ಚಿಕ್ಕಪ್ಪ ಅಜ್ಜಿಯನ್ನು ಕೆಣಕ್ತಾನಲ್ಲ? ‘ನಿನಗೆ ಜ್ಞಾನಸ್ನಾನ ಆದದ್ದು 3ನೇ ತಾರೀಕು. ಸಂತರಲ್ಲಿ ಪುಟ್ಟ ತೆರೇಸಮ್ಮನ ಹಬ್ಬ 1ಕ್ಕೆ, ದೊಡ್ಡ ತೆರೇಸಮ್ಮನದು 15ಕ್ಕೆ. ನೀನು ಯಾವ ತೆರೇಸಮ್ಮ?’ ಅಜ್ಜಿ ‘ಸ್ವಾಮಿಗಳು ಇಟ್ಟ ಹೆಸರು, ಅವರನ್ನೇ ಕೇಳ್ಕೋ ಹೋಗು’ ಅಂತ ಎಲೆಅಡಿಕೆ ಬಾಯಿಗಿಟ್ಟುಕೊಳ್ಳೋಳು.

ನಿನ್ನೆ ದೊಡ್ಡ ತೆರೇಸಮ್ಮನ ಊರಿಗೇ ಹೋಗಿ ಬಂದೆ. ಆವಿಲಾ. ರೈಲಿನಲ್ಲಿ ಒಂದೂವರೆ ಗಂಟೆ. ಊರನ್ನು ಸುತ್ತಿಕೊಂಡು ಎರಡೂವರೆ ಕಿಲೋಮೀಟರ್ ಕಲ್ಲಿನ ಕೋಟೆ. ಅಲ್ಲಿ ಅವಳ ಹೆಸರು ಹೇಳೋದೇ ಇಲ್ಲ, ‘ಲಾ ಸಾಂತಾ’ (ಸಂತಳು) ಅಂದರೆ ಸಾಕು. ಕೋಟೆಯ ಹೊರಗೆ ನಾಲ್ಕು ಕಂಬದ ಒಂದು ಮಂಟಪ ಇದೆ. ಏಳು ವರ್ಷದ ತೆರೇಸಾ, ಮೂರ್ ಮುಸ್ಲಿಮರ ನಾಡಿಗೆ ಹೋಗಿ ದೇವರಿಗಾಗಿ ತಲೆ ಕೊಡ್ತೀವಿ ಅಂತ ಅಣ್ಣನ ಕೈ ಹಿಡಿದು ಓಡಿಹೋಗುವಾಗ ಚಿಕ್ಕಪ್ಪ ಹಿಡಿದು ವಾಪಸ್ ಕರೆತಂದದ್ದು ಅಲ್ಲೇ ಅಂತೆ. (ಚಿಕ್ಕಪ್ಪಂದಿರು ಎಲ್ಲಾ ಕಡೆ ಒಂದೇ.)

ಇಪ್ಪತ್ತಕ್ಕೆ ಮಠ ಸೇರಿದಳು. ಸ್ವಲ್ಪ ವರ್ಷಕ್ಕೆ ಕಾಯಿಲೆ ಬಿದ್ದು ನಾಲ್ಕು ದಿನ ಎಚ್ಚರ ತಪ್ಪಿ, ಸತ್ತಳೆಂದು ಗುಂಡಿಯನ್ನೂ ತೋಡಿಸಿದ್ದರು. ಎದ್ದಾಗ ರೆಪ್ಪೆ ಮೇಲೆ ಮೇಣ ಇತ್ತಂತೆ. ಅಂಥವಳು 1562ರಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಬಡತನದ ಹೊಸ ಮಠ ತೆರೆದಳು. ಸಾಯೋ ಹೊತ್ತಿಗೆ ಹದಿನೇಳು ಮಠ, ಎತ್ತಿನ ಗಾಡಿ, ಹೇಸರಗತ್ತೆಯ ಗಾಡಿಯಲ್ಲಿ ಓಡಾಡಿಕೊಂಡು. ಅಡುಗೆಮನೆಯ ಪಾತ್ರೆಗಳ ನಡುವೆಯೂ ದೇವರು ಓಡಾಡ್ತಾನೆ ಅಂತ ತನ್ನ ಸಿಸ್ಟರುಗಳಿಗೆ ಬರೆದಿದ್ದಾಳೆ. ಇದನ್ನು ಅಜ್ಜಿಗೆ ಎರಡು ಸಲ ಓದು.

ಇನ್ನು ತಾರೀಕಿನ ತಮಾಷೆ ಕೇಳು. ಅವಳು ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಬೆಳಗಾದರೆ 15! ಅವತ್ತೇ ಹಳೇ ಕ್ಯಾಲೆಂಡರ್ ಬಿಟ್ಟು ಹೊಸದಕ್ಕೆ ಬಂದು, ಮಧ್ಯದ ಹತ್ತು ದಿನವನ್ನು ಪೋಪರು ತೆಗೆದುಹಾಕಿದ್ದರು. ಅದಕ್ಕೇ ಹಬ್ಬ 15ಕ್ಕೆ.

ಪುಟ್ಟ ತೆರೇಸಮ್ಮ ಫ್ರಾನ್ಸಿನವಳು, ಲಿಸಿಯೂದ ಮಠದವಳು. ಹದಿನೈದಕ್ಕೆ ಮಠ ಹೊಕ್ಕು 1897ರಲ್ಲಿ ಇಪ್ಪತ್ನಾಲ್ಕಕ್ಕೇ ಕ್ಷಯದಿಂದ ಹೋದಳು. ಇಲ್ಲಿ ಅವಳನ್ನು ‘ತೆರೆಸಿತಾ’ ಅಂತಾರೆ, ಥೇಟ್ ನಮ್ಮ ‘ಪುಟ್ಟ’. ನಮ್ಮ ಮದರ್ ತೆರೇಸಾ ಹೆಸರು ಇಟ್ಟುಕೊಂಡದ್ದು ಈ ಹುಡುಗಿಯದನ್ನೇ; ಆದರೆ ಮಠದಲ್ಲಿ ಆಗಲೇ ಒಬ್ಬ ತೆರೇಸ್ ಇದ್ದದ್ದರಿಂದ ಸ್ಪ್ಯಾನಿಷ್ ಕಾಗುಣಿತ ಹಿಡಿದರು. ಜರ್ಮನಿಯ ಎಡಿತ್ ಸ್ಟೈನ್ ಅಂತ ಇನ್ನೊಬ್ಬಳು, ಯಹೂದಿ ಮನೆಯ ಓದುಗಾತಿ. ಸ್ನೇಹಿತೆಯ ಮನೆಯಲ್ಲಿ ದೊಡ್ಡ ತೆರೇಸಾಳ ಆತ್ಮಕಥೆ ಕೈಗೆ ಸಿಕ್ಕಿ ಒಂದೇ ರಾತ್ರಿ ಓದಿ ಮುಗಿಸಿದಳು. ಮಠದಲ್ಲಿ ತೆರೇಸಾ ಅಂತಲೇ ಹೆಸರಿಟ್ಟುಕೊಂಡವಳನ್ನು 1942ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಅವಳ ವಿಷಯ ಬರೆಯೋಕೆ ಇನ್ನೊಂದು ಕಾಗದ ಬೇಕು.

ಆವಿಲಾದಲ್ಲಿ ಒಂದು ಹಳೇ ಪುಸ್ತಕದಂಗಡಿಗೆ ಹೊಕ್ಕೆ. 1950ರ ಸುಮಾರಿನ ಪೂಜೆಪುಸ್ತಕ ಕೈಗೆ ಬಂತು. ಸುಮ್ಮನೆ ಅಕ್ಟೋಬರ್ ಹಾಳೆ ತಿರುಗಿಸಿದೆ. ಅವ್ವ, 3ನೇ ತಾರೀಕಿನ ಮುಂದೆ ತೆರೆಸಿತಾಳ ಹೆಸರು! ಹಬ್ಬ ಮೊದಲು 3ಕ್ಕೇ ಇತ್ತು, 1ಕ್ಕೆ ಬಂದದ್ದು 1969ರ ಬದಲಾವಣೆಯಲ್ಲಿ. ಅಜ್ಜಿ ಹುಟ್ಟಿದ್ದು 1941. ಸ್ವಾಮಿಗಳು ಅವತ್ತಿನ ಹಬ್ಬ ನೋಡಿಯೇ ಹೆಸರು ಇಟ್ಟಿದ್ದಾರೆ.

ಪುಸ್ತಕ ಹನ್ನೆರಡು ಯೂರೋ ಅಂದ, ಎಂಟಕ್ಕೆ ತಂದೆ. ಆ ಹಾಳೆಯ ಫೋಟೋ ಚಿಕ್ಕಪ್ಪನ ಮೊಬೈಲಿಗೆ ಕಳಿಸಿದ್ದೀನಿ, ನೋಡಿಯೂ ಉತ್ತರ ಇಲ್ಲ. ಬರೋ ವರ್ಷ 3ಕ್ಕೆ ನಾಟಿಕೋಳಿ ಸಾರು, ದುಡ್ಡು ಅವನದೇ ಅಂತ ಹೇಳು.

ನಿನ್ನ ಮಗಳು