ಅನ್ನಸಂತರ್ಪಣೆಗೆ ಬಿಸಿಲಿನ ಎಸರು

ಮಾನ್ಯರೇ,

ನಮ್ಮ ಉಡುಪಿ, ಮಂಗಳೂರಿನ ದೇವಸ್ಥಾನಗಳ ಅನ್ನಸಂತರ್ಪಣೆಗೆ ಸೌರಶಕ್ತಿ ಬಳಸಬೇಕೆಂಬ ಸಲಹೆ ಒಳ್ಳೆಯದೇ, ಆದರೆ ಶಿರಡಿಯ ಸಾಯಿಬಾಬಾ ದೇವಸ್ಥಾನದ ಅಡುಗೆಶಾಲೆಯ ಮಾದರಿ ಕರಾವಳಿಗೆ ಒಗ್ಗದು. ಅಲ್ಲಿ 2009ರಲ್ಲಿ ಅಳವಡಿಸಿದ 73 ಕನ್ನಡಿ ಡಿಶ್‌ಗಳು ಸೂರ್ಯನತ್ತ ತಿರುಗುತ್ತ ಅಡುಗೆಗೆ ಹಬೆ ತಯಾರಿಸುವಂಥವು. ಅವಕ್ಕೆ ನೇರ ಬಿಸಿಲೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದೆಲ್ಲಿ? ಸಾಲದ್ದಕ್ಕೆ ಉಪ್ಪುಗಾಳಿಗೆ ಕಬ್ಬಿಣದ ಚೌಕಟ್ಟು, ಬೇರಿಂಗ್‌ಗಳು ಬೇಗ ತುಕ್ಕು ಹಿಡಿಯುತ್ತವೆ.

ಚಾವಣಿಯ ಸೋಲಾರ್ ವಾಟರ್ ಹೀಟರ್ ನೀರಿನಿಂದಲೇ ಎಸರಿಡುವುದು ನಮಗೆ ಹೆಚ್ಚು ಸೂಕ್ತ. ಕುಚ್ಚಲಕ್ಕಿಗೆ ನೀರು ಧಾರಾಳ ಬೇಕು. 400 ಲೀಟರ್ ನೀರು 28 ಡಿಗ್ರಿಯ ಬದಲು 65 ಡಿಗ್ರಿಯಲ್ಲಿ ಕೊಪ್ಪರಿಗೆಗೆ ಬಿದ್ದರೆ, ಕುದಿ ಬರಿಸುವ ಶಾಖದಲ್ಲಿ ಅರ್ಧದಷ್ಟು ಉಳಿತಾಯವಾಗುತ್ತದೆ. ಅಂದರೆ ಎರಡು ಕಿಲೋಗೂ ಹೆಚ್ಚು ಗ್ಯಾಸ್. ತೆಳು ಮೋಡವಿದ್ದರೂ ನೀರು ಬೆಚ್ಚಗಾಗುತ್ತದೆ. ಒಲೆ ಹೊತ್ತುವುದು ನಸುಕಿನಲ್ಲಾದ್ದರಿಂದ ಹಿಂದಿನ ದಿನದ ಬಿಸಿ ಆರದಂತೆ ಟ್ಯಾಂಕಿಗೂ ಪೈಪಿಗೂ ದಪ್ಪ ಶಾಖನಿರೋಧಕ ಹೊದಿಕೆ ಇರಲೇಬೇಕು. ಹಲವೆಡೆ ಯೋಜನೆ ಸೋಲುವುದು ಇಲ್ಲೇ: ಟ್ಯಾಂಕ್ ಒಂದು ಮೂಲೆಯಲ್ಲಿ, ಅಡುಗೆಶಾಲೆ ಇನ್ನೊಂದು ಮೂಲೆಯಲ್ಲಿ, ನಡುವೆ ಬರಿಯ ಪೈಪು. ಅಡುಗೆಯ ನೀರಾದ್ದರಿಂದ ಟ್ಯಾಂಕ್, ಪೈಪುಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಿರಲಿ.

ದೇವಸ್ಥಾನಗಳ ಆಡಳಿತ ಮಂಡಳಿಗಳು, ವಿದ್ಯಾರ್ಥಿನಿಲಯಗಳು ಅಡುಗೆಶಾಲೆ ನವೀಕರಿಸುವಾಗ ಅಂದಾಜುಪಟ್ಟಿಯಲ್ಲೇ ಇದನ್ನು ಸೇರಿಸಬೇಕು. ಟ್ಯಾಂಕಿನ ಜಾಗವನ್ನು ಅಡುಗೆಯವರನ್ನು ಕೇಳಿಯೇ ಗುರುತಿಸಬೇಕು.

— ಓದುಗ, ಉಡುಪಿ