ಯಾರು ಎಲ್ಲಿ ನೋಡುತ್ತಿದ್ದಾರೆ ಅಂತ ಮೊದಲು ನೋಡು

ಪ್ರಿಯ ತಂಗೀ,

ಹದಿನೇಳನೇ ಶತಮಾನದ ಫ್ರೆಂಚ್ ಚಿತ್ರಕಾರ ನಿಕೋಲಾ ಪೂಸಾನ್ ಬರೆದ ಫ್ಲೋರಾ ಚಿತ್ರದ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಚೆನ್ನಾಗಿ ಓದಿಕೊಂಡು ಬರೆದಿದ್ದೀಯ, ಅದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಆದರೆ ಅದ್ಭುತ, ದಿವ್ಯ, ಮನಮೋಹಕ ಅಂತ ಬಂದ ಕಡೆಯೆಲ್ಲ ನನಗೆ ಚಿತ್ರ ಕಾಣುವುದೇ ನಿಂತುಹೋಯಿತು. ನಿನಗೆ ಇಷ್ಟವಾಗಿದೆ ಅಂತ ತಿಳಿಯಿತು, ಏನನ್ನು ನೋಡಿ ಇಷ್ಟವಾಯಿತು ಅಂತ ತಿಳಿಯಲಿಲ್ಲ. ಆ ಮಾತುಗಳನ್ನೆಲ್ಲ ಹೊಡೆದುಹಾಕು. ಹೂವಿನ ದೇವತೆ ಅಂದಮೇಲೆ ಚೆಲುವೆ ಅಂತ ಬೇರೆ ಹೇಳಬೇಕಾ?

ಒಂದು ಕೆಲಸ ಮಾಡು. ಚಿತ್ರದಲ್ಲಿ ಯಾರ್ಯಾರು ಎಲ್ಲೆಲ್ಲಿ ನೋಡುತ್ತಿದ್ದಾರೆ ಅಂತ ಒಬ್ಬೊಬ್ಬರನ್ನೇ ಗಮನಿಸಿ ಬರಿ. ಎಲ್ಲರೂ ಹಳೆಯ ಗ್ರೀಕ್-ರೋಮನ್ ಪುರಾಣಕಥೆಗಳವರೇ. ಮುಂದುಗಡೆ ನಾರ್ಸಿಸಸ್ ಮಂಡಿಯೂರಿ, ನೀರು ತುಂಬಿದ ಕೊಡದೊಳಗೆ ತನ್ನ ಮುಖವನ್ನೇ ನೋಡುತ್ತಿದ್ದಾನೆ. ಕ್ಲೈಟಿ ಕಣ್ಣಿಗೆ ಕೈ ಅಡ್ಡ ಹಿಡಿದು, ಆಕಾಶದಲ್ಲಿ ರಥ ಓಡಿಸುತ್ತಿರುವ ಸೂರ್ಯದೇವ ಅಪೊಲೊನನ್ನು ನೋಡುತ್ತಿದ್ದಾಳೆ. ಹಯಸಿಂಥಸ್ ಒಂದು ಕೈಯಲ್ಲಿ ತಲೆಯ ಗಾಯ ಮುಟ್ಟಿಕೊಂಡು ಇನ್ನೊಂದು ಕೈಯಲ್ಲಿರುವ ಹೂ ನೋಡುತ್ತಿದ್ದಾನೆ. ಅವನ ಹತ್ತಿರವೇ ಬೇಟೆನಾಯಿಗಳ ಜೊತೆ ನಿಂತ ಅಡೋನಿಸ್‌ನ ಗಮನವೆಲ್ಲ ಹಂದಿ ತಿವಿದ ತೊಡೆಯ ಮೇಲೆ. ಎಡಗಡೆ ಅಜಾಕ್ಸ್ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಿದ್ದಾನೆ. ಇವರೆಲ್ಲರ ನಡುವೆ ಫ್ಲೋರಾ ಹೂ ಚೆಲ್ಲುತ್ತಾ ಕುಣಿಯುತ್ತಿದ್ದಾಳೆ. ತೋಟ ಅವಳದು, ಇವರೆಲ್ಲ ಸತ್ತು ಹೂವಾಗಿ ಅವಳ ಪಾಲಿಗೆ ಬಂದವರು, ಆದರೂ ಒಬ್ಬರಿಗೂ ಅವಳ ಕಡೆ ಗಮನವಿಲ್ಲ. ಇದನ್ನು ಬರೆದರೆ ಸಾಕು, ದುಃಖ ಅನ್ನೋ ಪದವೇ ಬೇಡ ನಿನಗೆ.

ಇನ್ನೊಂದು ಮಾತು, ನಿನ್ನ ಬರಹದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು. 'ಬರೋಕ್ ಕಾಲದ ಕ್ಲಾಸಿಕಲ್ ಶೈಲಿ' ಅಂತ ಬರೆದು ಮುಂದೆ ಹೋಗಿಬಿಟ್ಟೆ. ಹಾಗಂದರೆ ಏನು ಅಂತ ಓದುವವರಿಗೆ ಕಾಣಿಸಬೇಕಲ್ವಾ? ಬರೋಕ್ ಅಂದರೆ ಚಲನೆ, ಆವೇಶ ತುಂಬಿದ ಆ ಕಾಲದ ಕಲೆ, ಕ್ಲಾಸಿಕಲ್ ಅಂದರೆ ಹಳೆಯ ಗ್ರೀಕ್-ರೋಮನ್ ಮಾದರಿಯ ಸಂಯಮ. ಎರಡನ್ನೂ ಹೋಲಿಸಿ ನೋಡಲು ರೋಮ್‌ನಲ್ಲೇ ಒಂದು ಉದಾಹರಣೆ ಇದೆ. ಬರೋಕ್ ಶಿಲ್ಪಿ ಬರ್ನಿನಿ 1622ರಿಂದ 1625ರವರೆಗೆ ಅಪೊಲೊ ಮತ್ತು ಅವನಿಂದ ತಪ್ಪಿಸಿಕೊಳ್ಳಲು ಮರವಾಗುವ ಡ್ಯಾಫ್ನಿಯ ಶಿಲ್ಪ ಕೆತ್ತಿದ. ಅಲ್ಲಿ ಓಡುತ್ತಿರುವ ಹುಡುಗಿಯ ಬೆರಳ ತುದಿಯಲ್ಲಿ ನಮ್ಮ ಕಣ್ಣೆದುರೇ ಎಲೆ ಒಡೆಯುತ್ತಿದೆ, ಕಾಲು ಬೇರು ಬಿಡುತ್ತಿದೆ, ಬಾಯಿ ತೆರೆದೇ ಇದೆ. ಪೂಸಾನ್ 1624ರಲ್ಲಿ ರೋಮ್‌ಗೆ ಬಂದವನು, 1631ರಲ್ಲಿ ಈ ಚಿತ್ರ ಬರೆದ. ಅವನ ಕೈಯಲ್ಲೂ ಅದೇ ರೋಮನ್ ಕವಿ ಓವಿಡ್‌ನ ಕಥೆಗಳು, ಮನುಷ್ಯರು ಗಿಡವಾಗುವ ಹೂವಾಗುವ ಕಥೆಗಳು. ಆದರೆ ಇಲ್ಲಿ ಯಾರ ಮೈಯಿಂದಲೂ ದಳ ಚಿಗುರುತ್ತಿಲ್ಲ. ಮನುಷ್ಯರು ಮನುಷ್ಯರಾಗಿಯೇ ಇದ್ದಾರೆ, ಅವರವರ ಹೂ ಪಕ್ಕದಲ್ಲೋ ಕೈಯಲ್ಲೋ ಇದೆ. ಕೊನೆಯ ಹೆಜ್ಜೆಯನ್ನು ಅವನು ನೋಡುವವರಿಗೆ ಬಿಟ್ಟುಕೊಟ್ಟಿದ್ದಾನೆ. ಬರ್ನಿನಿಯ ದಾರಿ ಕಡಿಮೆಯದು ಅಂತ ನಾನು ಹೇಳುವುದಿಲ್ಲ, ಆ ಶಿಲ್ಪ ನನಗೂ ಪ್ರಾಣ. ಆದರೆ ನೀನು ಪೂಸಾನ್ ಬಗ್ಗೆ ಬರೆಯುವಾಗ ಬರ್ನಿನಿಯ ಉಸಿರಲ್ಲಿ ಬರೆಯಬೇಡ.

ಬಲಗಡೆ ಮುಂದೆ ಒಂದು ಜೋಡಿ ಇದೆಯಲ್ಲ, ಕ್ರೋಕಸ್ ಮತ್ತು ಸ್ಮೈಲಾಕ್ಸ್, ಅವರನ್ನು ನೀನು ಬಿಟ್ಟೇಬಿಟ್ಟಿದ್ದೀಯ. ಓವಿಡ್ ಕೂಡ ಇವರನ್ನು ಹೆಚ್ಚುಕಡಿಮೆ ಬಿಟ್ಟವನೇ. ಇಬ್ಬರೂ ಸಣ್ಣ ಹೂಗಳಾದರು ಅಂತ ಒಂದೇ ಸಾಲಿನಲ್ಲಿ ಹೇಳಿ ಬೇರೆ ಕಥೆಗೆ ಹೋಗಿಬಿಡುತ್ತಾನೆ. ಆ ಒಂದು ಸಾಲಿಗೆ ಪೂಸಾನ್ ಕ್ಯಾನ್ವಾಸಿನ ಮುಂಭಾಗದಲ್ಲಿ ಜಾಗ ಕೊಟ್ಟ, ಅದೂ ಸುಮ್ನೆ ಮೂಲೆ ತುಂಬಿಸಲು ಅಲ್ಲ. ಓದುವಾಗ ಇಂಥ ಸಾಲುಗಳ ಹತ್ತಿರ ನಿಲ್ಲುವುದನ್ನು ರೂಢಿ ಮಾಡಿಕೋ.

ಪೂಸಾನ್ ಕೆಲಸ ಮಾಡುತ್ತಿದ್ದ ರೀತಿಯೂ ನಿನಗೆ ಉಪಯೋಗಕ್ಕೆ ಬರುತ್ತದೆ. ಮೇಣದಲ್ಲಿ ಪುಟ್ಟ ಪುಟ್ಟ ಬೊಂಬೆ ಮಾಡಿ, ಬಟ್ಟೆ ತೊಡಿಸಿ, ಪೆಟ್ಟಿಗೆಯಂಥ ಒಂದು ರಂಗದಲ್ಲಿ ನಿಲ್ಲಿಸಿ, ಬೆಳಕು ಎಲ್ಲಿಂದ ಬೀಳುತ್ತದೆ, ಯಾರ ನೆರಳು ಯಾರ ಮೇಲೆ ಬರುತ್ತದೆ ಅಂತ ನೋಡುತ್ತಿದ್ದ. ಬೇಡವಾದರೆ ಜಾಗ ಬದಲಿಸುತ್ತಿದ್ದ. ಬಣ್ಣ ಅದೆಲ್ಲ ಆದಮೇಲೆ. ನಿನ್ನ ಪ್ಯಾರಾಗಳನ್ನೂ ಹಾಗೆ ಎತ್ತಿ ಬೇರೆ ಕಡೆ ಇಟ್ಟು ನೋಡು. ಅಜಾಕ್ಸ್‌ನ ಸಾವು ನಿನ್ನಲ್ಲಿ ಕೊನೆಗೆ ಬಂದಿದೆ, ಅದಕ್ಕೇ ಅದು ಕಿರುಚುತ್ತದೆ. ಚಿತ್ರದಲ್ಲಿ ಅವನು ಒಂದು ಬದಿಗಿದ್ದಾನೆ, ಕುಣಿತ ನಡುವೆ ಇದೆ.

ಕಳ್ಳನ ಕಥೆಯಿಂದ ಶುರು ಮಾಡಿದ್ದೀಯಲ್ಲ, ಅದು ನಿಜ, ರುಚಿಯೂ ಇದೆ. ಈ ಚಿತ್ರವನ್ನು ಕೊಂಡ ಸಿಸಿಲಿಯ ಶ್ರೀಮಂತ ಫಾಬ್ರಿಜಿಯೊ ವಾಲ್ಗ್ವಾರ್ನೆರಾ ಕದ್ದ ವಜ್ರಗಳ ಕೇಸಿನಲ್ಲಿ 1631ರಲ್ಲಿ ಸಿಕ್ಕಿಬಿದ್ದ, ವಿಚಾರಣೆಯಲ್ಲಿ ಪೂಸಾನ್ ಸಾಕ್ಷಿ ಹೇಳಬೇಕಾಯಿತು, ಮರುವರ್ಷ ಆ ಮನುಷ್ಯ ಜೈಲಿನಲ್ಲೇ ಸತ್ತ. ಆದರೆ ಮೊದಲೇ ವಜ್ರ ತೋರಿಸಿಬಿಟ್ಟರೆ ಆಮೇಲೆ ಹೂ ಯಾರು ನೋಡುತ್ತಾರೆ ಹೇಳು? ಅದನ್ನು ಮಧ್ಯಕ್ಕೆ ತಾ, ಎರಡು ಮೂರು ವಾಕ್ಯದಲ್ಲಿ ಮುಗಿಸು. ಚಿತ್ರ ಈಗ ಜರ್ಮನಿಯ ಡ್ರೆಸ್ಡನ್‌ನ ಗ್ಯಾಲರಿಯಲ್ಲಿದೆ ಅನ್ನುವುದನ್ನೂ ಅಲ್ಲೇ ಹೇಳು, ಅಳತೆಯನ್ನೂ ಹಾಕು. 131 ಸೆಂ.ಮೀ. ಎತ್ತರ, 181 ಸೆಂ.ಮೀ. ಅಗಲ ಅಂದರೆ ಅಷ್ಟು ಜನ ಎಷ್ಟು ಜಾಗದಲ್ಲಿ ಇದ್ದಾರೆ ಅಂತ ಅಂದಾಜು ಸಿಗುತ್ತದೆ.

ಕ್ಲೈಟಿಯ ಕತ್ತಿನ ಬಗ್ಗೆ ನೀನು ಬರೆದ ನಾಲ್ಕು ಸಾಲು ಮಾತ್ರ ಹಾಗೇ ಇರಲಿ, ಒಂದು ಪದವನ್ನೂ ಮುಟ್ಟಬೇಡ. ತಿದ್ದಿದ ಮೇಲೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ