40 ವರ್ಷದಿಂದ ಬಾಕಿ ಇದ್ದ ಥ್ಯಾಂಕ್ಸ್

ಪೀಣ್ಯದ ನಮ್ಮ ವರ್ಕ್‌ಶಾಪಿಗೆ ಈ ತಿಂಗಳು 40 ವರ್ಷ ತುಂಬಿತು. ಸೇಫ್ಟಿ ಶೂ ಒಳಗೆ, ಬೆರಳುಗಳ ಮೇಲೆ ಒಂದು ಉಕ್ಕಿನ ಟೋಪಿ ಇರುತ್ತಲ್ಲ, ಅದು ನಾವು ಮಾಡೋದು. ಶೂ ಹರಿಯುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಪ್ಪ ಶುರು ಮಾಡಿದ್ದು ಶೂ, ಚಪ್ಪಲಿ ಸವೆಯದಿರಲಿ ಅಂತ ಹಿಮ್ಮಡಿಗೆ ಹೊಡೆಯುವ ಲಾಳದಿಂದ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬ್ಲೇಕಿ ಕಂಪನಿ 19ನೇ ಶತಮಾನದಲ್ಲೇ ಅಂಥದ್ದನ್ನು ಮಾಡುತ್ತಿತ್ತು. ಅಪ್ಪನಿಗೆ ಅದೆಲ್ಲ ಎಲ್ಲಿ ಗೊತ್ತು? ಚಪ್ಪಲಿ ಹೊಲಿಯುತ್ತಿದ್ದ ತಾತ ಒಬ್ಬರು ಸವೆದ ಲಾಳವನ್ನು ಕೈಗಿಟ್ಟು, "ಇಂಥದ್ದು ಮಾಡಿಕೊಡ್ತೀಯೇನಪ್ಪಾ?" ಅಂದರಂತೆ. ಮೊದಲ ಥ್ಯಾಂಕ್ಸ್ ಆ ತಾತನಿಗೆ.

ಆಮೇಲೆ ಲಾಳ ಕೇಳುವವರು ಕಮ್ಮಿಯಾದರು. ಟೋ ಕ್ಯಾಪ್‌ಗೆ, ಅಂದರೆ ಆ ಉಕ್ಕಿನ ಟೋಪಿಗೆ, ಕೈ ಹಾಕಿದೆವು. ಅದರ ಟೆಸ್ಟ್ ನೋಡಿದರೆ ಎದೆ ಝಲ್ಲೆನ್ನುತ್ತದೆ. 20 ಕಿಲೋ ತೂಕವನ್ನು ಹೆಚ್ಚುಕಮ್ಮಿ 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ, 200 ಜೂಲ್ ಲೆಕ್ಕ. ಒಳಗಿಟ್ಟ ಜೇಡಿಮಣ್ಣು ಎಷ್ಟು ಜಜ್ಜಿತು ಅಂತ ಅಳೆಯುತ್ತಾರೆ. 42ರ ಸೈಜಿಗೆ 14 ಮಿಲಿಮೀಟರ್ ಜಾಗ ಉಳಿಯಲೇಬೇಕು. ನಮ್ಮ ಮೊದಲ ಲಾಟ್ ಮೂಲೆಯಲ್ಲಿ ಬಿರುಕು ಬಿಟ್ಟಿತು. ಡೈ, ಅಂದರೆ ಒತ್ತುವ ಅಚ್ಚು, ಸರಿಯಿಲ್ಲ ಅಂತ ಕೂಗಾಡಿದೆ. ಟೂಲ್‌ರೂಮಿನ ಮೇಷ್ಟ್ರು ಏನೂ ಮಾತಾಡದೆ ಒಂದು ಪೀಸನ್ನು ಸಿಮೆಂಟ್ ನೆಲಕ್ಕೆ ಹಾಕಿ, ಸದ್ದು ಕೇಳಿ, "ಡೈಗೆ ಯಾಕೆ ಬೈತೀಯಪ್ಪಾ, ಟೆಂಪರಿಂಗ್ ಸಾಲದು" ಅಂದರು. ಗಟ್ಟಿ ಮಾಡಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸುತನ ಇಳಿಸೋದು ಅದು. ಅವರು ಹೇಳಿದ್ದೇ ಸರಿ. ಆವತ್ತು ಸಾರಿ ಕೇಳಿರಲಿಲ್ಲ. ಮೇಷ್ಟ್ರೇ, ಈಗ ಕೇಳ್ತಿದ್ದೀನಿ.

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್, ಶಟರ್ ಇಳಿಯಿತು. ಪ್ರೆಸ್ ನಿಂತಿತು, ಬಡ್ಡಿ ನಿಲ್ಲಲಿಲ್ಲ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಪಾರ್ಟಿಯೊಂದು ಫೋನ್ ಎತ್ತುವುದನ್ನೇ ಬಿಟ್ಟಿತು. ಹೆಸರು ಬೇಡ ಬಿಡಿ. ಹಳೇ ಬಾಕಿ ಇದ್ದರೂ ಹೊಸ ಕಾಯಿಲ್ (ತಗಡಿನ ಸುರುಳಿ) ಇಳಿಸಿದ ಸ್ಟೀಲ್ ಅಂಗಡಿಯವರೇ, ಕೇಳದೆಯೇ ಅಡ್ವಾನ್ಸ್ ಕಳಿಸಿದ ರಾಣಿಪೇಟೆಯ ಶೂ ಫ್ಯಾಕ್ಟರಿಯವರೇ, ಬಸ್ ಬಿಟ್ಟ ವಾರದಲ್ಲೇ ವಾಪಸ್ ಬಂದ ರಾಯಚೂರಿನ ಹುಡುಗರೇ, ನಿಮ್ಮನ್ನು ಮರೆತರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ.

ನನ್ನ ಮೇಜಿನ ಮೇಲೆ ಒಂದು ಜಜ್ಜಿದ ಕ್ಯಾಪ್ ಇದೆ. ಗೋಡೌನ್ ಕೆಲಸದ ಹುಡುಗನೊಬ್ಬ ಶೂ ಕೊಯ್ದು ತೆಗೆದು ತಂದಿದ್ದ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಅಷ್ಟೇ. ಥ್ಯಾಂಕ್ಸ್ ಹೇಳೋಕೆ ಅಂತಲೇ ಎರಡು ಬಸ್ ಬದಲಾಯಿಸಿ ಬಂದಿದ್ದನಂತೆ. ಟೀ ಕೊಟ್ಟೆ. ಹೆಸರು ಕೇಳೋದೇ ಮರೆತೆ, ನೋಡಿ.

ಆಯುಧಪೂಜೆಗೆ ಎಲ್ಲರೂ ಬನ್ನಿ. ಅಪ್ಪ ಕೈಯಲ್ಲಿ ತಿರುಗಿಸುತ್ತಿದ್ದ ಪ್ರೆಸ್ ಇನ್ನೂ ಮೂಲೆಯಲ್ಲಿದೆ. ಮೊದಲ ಕುಂಬಳಕಾಯಿ ಅದಕ್ಕೇ.